ಬೀಗದ ಕೈ ಯಾರ ಬಳಿ ಇದೆ?

(ವಿದ್ಯುತ್ ವಾಹನಗಳ ಚಾರ್ಜಿಂಗ್ ಜಾಲದ ಸುರಕ್ಷತೆಯ ಕುರಿತು ಸವಳಂಗದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಮೋಟಾರು ಚಾಲೂ ಮಾಡಲು ನಡುರಾತ್ರಿ ಟಾರ್ಚು ಹಿಡಿದು ತೋಟದ ಪಂಪ್‌ಹೌಸಿಗೆ ನಡೆಯುವ ಕಾಲ ಈ ಸೀಮೆಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತ ಬಂದಿದೆ. ಸ್ಟಾರ್ಟರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ, ಅದರೊಳಗೊಂದು ಸಿಮ್ ಕುಳಿತಿರುತ್ತದೆ. ರೈತ ಜಗಲಿಯ ಮೇಲೆ ಕುಳಿತೇ ಆ ಸಂಖ್ಯೆಗೆ ಕರೆ ಮಾಡುತ್ತಾನೆ, ಅರ್ಧ ಮೈಲಿ ದೂರದಲ್ಲಿ ಮೋಟಾರು ತಿರುಗುತ್ತದೆ. ಹಾವಿನ ಭಯ, ಹಂದಿಯ ಭಯ, ಮಳೆಯಲ್ಲಿ ನೆನೆಯುವ ಕಷ್ಟ ಎಲ್ಲವನ್ನೂ ಮೊಬೈಲ್ ಸ್ಟಾರ್ಟರ್ ಕಳೆದಿದೆ. ಆದರೆ ಆ ಪೆಟ್ಟಿಗೆಯಲ್ಲೊಂದು ಸೂಕ್ಷ್ಮವಿದೆ. ಒಳ್ಳೆಯ ಪೆಟ್ಟಿಗೆ ಮೊದಲೇ ದಾಖಲಿಸಿದ ಎರಡು ಮೂರು ಸಂಖ್ಯೆಗಳ ಕರೆಯನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಆ ಅನುಕೂಲವಿಲ್ಲದ, ಅಥವಾ ಇದ್ದೂ ಯಾರೂ ಅಳವಡಿಸದ ಪೆಟ್ಟಿಗೆ ಯಾರು ಕರೆದರೂ ಓಗೊಡುತ್ತದೆ. ತಪ್ಪಿ ಬಂದ ಕರೆಗೂ ಮೋಟಾರು ಎದ್ದು ಓಡುತ್ತದೆ. ಬಾವಿ ಬತ್ತಿದ್ದರೆ ಬರಿದೇ ತಿರುಗಿ ಸುಡುತ್ತದೆ.

ಇದೇ ತೋಟಗಳಲ್ಲಿ ಇನ್ನೊಂದು ಅನುಭವವೂ ಉಂಟು. ತ್ರೀಫೇಸ್ ಬಂದ ಕ್ಷಣದಲ್ಲಿ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಮ್ಮೆಗೇ ಹೊರಡುತ್ತವೆ. ನೇರವಾಗಿ ಹೊರಡುವ ಮೋಟಾರು ಆ ಮೊದಲ ಕೆಲವು ಕ್ಷಣಗಳಲ್ಲಿ ಎಳೆಯುವ ಕರೆಂಟು, ಓಡುವಾಗ ಎಳೆಯುವುದರ ಐದಾರು ಪಟ್ಟು ಇರುತ್ತದೆ. ಒಂದು ಟಿ.ಸಿ.ಗೆ ಹತ್ತು ಹದಿನೈದು ಮೋಟಾರುಗಳು ಜೋತುಬಿದ್ದಿದ್ದರೆ ಫ್ಯೂಸು ಹಾರುತ್ತದೆ, ಕೆಲವೊಮ್ಮೆ ಟಿ.ಸಿ.ಯೇ ಸುಡುತ್ತದೆ. ಆಮೇಲೆ ಹೊಸ ಟಿ.ಸಿ. ಬರುವವರೆಗೆ ಅಡಿಕೆ ಗಿಡ ಬಾಡುತ್ತ ನಿಲ್ಲುತ್ತದೆ. ಇಲ್ಲಿ ಯಾರೂ ಕೇಡು ಬಗೆದವರಿಲ್ಲ. ಒಬ್ಬೊಬ್ಬರೂ ತಮ್ಮ ತೋಟಕ್ಕೆ ನೀರು ಹಾಯಿಸಲು ಹೊರಟವರೇ. ಎಲ್ಲರೂ ಒಂದೇ ಕ್ಷಣದಲ್ಲಿ ಹೊರಟದ್ದೇ ಕೇಡಾಯಿತು.

ಕರೆದವರು ಯಾರೆಂದು ವಿಚಾರಿಸದೆ ಬಾಗಿಲು ತೆರೆಯುವ ಪೆಟ್ಟಿಗೆ, ಒಂದೇ ಗಳಿಗೆಯಲ್ಲಿ ಎದ್ದು ನಿಲ್ಲುವ ಹಲವು ಯಂತ್ರಗಳು: ಈ ಎರಡನ್ನು ಕಣ್ಣಾರೆ ಕಂಡವರಿಗೆ ಇಂದಿನ ವಿಷಯ ಪೂರ್ತಿ ಹೊಸದಲ್ಲ. ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರವೆಂಬುದು ಮೊಬೈಲ್ ಸ್ಟಾರ್ಟರಿನ ದೊಡ್ಡಣ್ಣ. ಪೆಟ್ಟಿಗೆ ದೊಡ್ಡದು, ಕರೆಂಟು ಹೆಚ್ಚು, ಜೊತೆಗೆ ಹಣದ ವ್ಯವಹಾರವೂ ಸೇರಿದೆ. ಸೈಬರ್ ಸುರಕ್ಷತೆ ಎಂಬ ಮಾತು ಕೇಳಿದೊಡನೆ ಅದು ಬೆಂಗಳೂರಿನ ಗಾಜಿನ ಕಟ್ಟಡಗಳ ಚಿಂತೆ ಎಂದು ಮಗ್ಗುಲು ಬದಲಿಸುವವರಿದ್ದಾರೆ. ಪೆಟ್ಟಿಗೆ ಬಂದು ನಿಲ್ಲುವುದು ಬಸ್ ನಿಲ್ದಾಣದ ಪಕ್ಕದ ಚಹದಂಗಡಿಯ ಮುಂದೆ ಎಂಬುದನ್ನು ಅವರು ಮರೆಯುತ್ತಾರೆ.

ಸವಳಂಗ ಇರುವ ಜಾಗವನ್ನೇ ನೋಡಬೇಕು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯ ನಡುವೆ, ನ್ಯಾಮತಿ-ಹೊನ್ನಾಳಿಯ ಕಡೆಗೆ ಕವಲೊಡೆಯುವ ಊರು ಇದು. ಹೊನ್ನಾಳಿ ಸೀಮೆ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು; ಈಗ ದಾವಣಗೆರೆಯದು. ಶಿವಮೊಗ್ಗದಲ್ಲಿ ಕರೆಂಟು ಕೊಡುವುದು ಮೆಸ್ಕಾಂ, ದಾವಣಗೆರೆ ಜಿಲ್ಲೆಯಲ್ಲಿ ಬೆಸ್ಕಾಂ. ಇಂಥ ಗಡಿಯ ಕೂಡುರಸ್ತೆಗಳೇ ಚಾರ್ಜಿಂಗ್ ಕೇಂದ್ರಕ್ಕೆ ಹೇಳಿ ಮಾಡಿಸಿದ ಸ್ಥಳಗಳು. ಹೆದ್ದಾರಿಗಳಲ್ಲಿ ಪ್ರತಿ 25 ಕಿಲೋಮೀಟರಿಗೆ ಒಂದು ಕೇಂದ್ರವಿರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತು. 2024ರ ಸೆಪ್ಟೆಂಬರಿನ ಮಾರ್ಗಸೂಚಿ ಆ ಅಂತರವನ್ನು 20ಕ್ಕೆ ಇಳಿಸಿತು. ದೇಶದಲ್ಲಿ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಹೊರತಂದ ರಾಜ್ಯ ಕರ್ನಾಟಕ, ಅದು 2017ರಲ್ಲಿ. ರಾಜ್ಯದಲ್ಲಿರುವ ಸಾವಿರಾರು ಸಾರ್ವಜನಿಕ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇವೆ. ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು 2023ರಿಂದ ಮೈಸೂರು, ಮಡಿಕೇರಿಗಳ ಜೊತೆಗೆ ಶಿವಮೊಗ್ಗ, ದಾವಣಗೆರೆ ಮಾರ್ಗಗಳಲ್ಲೂ ಓಡತೊಡಗಿದವು. ಎರಡೂ ದಿಕ್ಕಿನಿಂದ ಬರುತ್ತಿರುವುದು ನಡುವಿನ ಊರಿಗೆ ತಲುಪಲು ಬಹಳ ಕಾಲ ಬೇಕಾಗದು. ಬರುವ ಮುನ್ನ ಅರಿತುಕೊಳ್ಳುವುದು ಬಂದ ಮೇಲೆ ಅಲವತ್ತುಕೊಳ್ಳುವುದಕ್ಕಿಂತ ಅಗ್ಗ.

ಚಾರ್ಜರಿನ ಒಳಗೆ ಏನಿದೆ? ಕಣ್ಣಿಗೆ ಕಾಣುವುದು ಕಂಬ, ಕೇಬಲ್ಲು, ಪ್ಲಗ್ಗು, ಒಂದು ಪರದೆ. ಕಾಣದಿರುವುದು ಸಣ್ಣದೊಂದು ಗಣಕಯಂತ್ರ ಮತ್ತು ಅದಕ್ಕೆ ಅಂಟಿದ ಸಿಮ್. ಆ ಸಿಮ್ ಮೂಲಕ ಪೆಟ್ಟಿಗೆಯು ಎಲ್ಲೋ ದೂರದ ನಗರದಲ್ಲಿರುವ ಸರ್ವರಿನೊಡನೆ ಸದಾ ಮಾತನಾಡುತ್ತಿರುತ್ತದೆ. ಬಂದ ಗ್ರಾಹಕ ಯಾರು, ಅವನ ಖಾತೆಯಲ್ಲಿ ಹಣವಿದೆಯೇ, ಕರೆಂಟು ಬಿಡಬಹುದೇ, ಎಷ್ಟು ಯೂನಿಟ್ ಹೋಯಿತು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದ ಬರಬೇಕು. ಪೆಟ್ಟಿಗೆ ಇಲ್ಲಿ, ಮೆದುಳು ಅಲ್ಲಿ. ಈ ಸಂಭಾಷಣೆಗೆ ಲೋಕದಲ್ಲೆಲ್ಲ ಬಹುಮಟ್ಟಿಗೆ ಬಳಕೆಯಲ್ಲಿರುವ ಭಾಷೆಯ ಹೆಸರು ಓಸಿಪಿಪಿ, ನೆದರ್‌ಲೆಂಡ್ಸಿನಲ್ಲಿ ಹುಟ್ಟಿದ್ದು. 2015ರಲ್ಲಿ ಬಂದ ಅದರ 1.6ನೆಯ ಆವೃತ್ತಿ ಇಂದಿಗೂ ವ್ಯಾಪಕವಾಗಿದೆ. ಆ ಆವೃತ್ತಿ ಮೂಲದಲ್ಲಿ ಗೂಢಲಿಪಿಯನ್ನು ಕಡ್ಡಾಯ ಮಾಡಿರಲಿಲ್ಲ. ಅಂದರೆ ಪೆಟ್ಟಿಗೆ ಮತ್ತು ಸರ್ವರ್ ನಡುವಿನ ಮಾತು, ಹಾಕಿದವರು ಎಚ್ಚರ ವಹಿಸದಿದ್ದರೆ, ಲಕೋಟೆಯಿಲ್ಲದ ಅಂಚೆ ಕಾರ್ಡಿನಂತೆ ಸಾಗಬಹುದು. ದಾರಿಯಲ್ಲಿ ನಿಂತವನು ಅದನ್ನು ಓದಬಲ್ಲ, ತಿದ್ದಲೂ ಬಲ್ಲ. 2020ರ ಹೊಸ ಆವೃತ್ತಿ ಈ ಕೊರತೆಯನ್ನು ಬಹಳಷ್ಟು ತುಂಬಿದೆ. ಹಾಗೆಂದು ಹಳೆಯ ಪೆಟ್ಟಿಗೆಗಳೆಲ್ಲ ತಾವಾಗಿ ಹೊಸ ಭಾಷೆ ಕಲಿಯುವುದಿಲ್ಲ.

ಗ್ರಾಹಕನ ಗುರುತಿನ ವಿಷಯವೂ ಹಾಗೆಯೇ. ಮುಟ್ಟಿಸಿದರೆ ಕರೆಂಟು ಬಿಡುವ ಕಾರ್ಡುಗಳಿವೆ. ಅವುಗಳಲ್ಲಿ ಅನೇಕವು ಒಂದು ಸಂಖ್ಯೆಯನ್ನಷ್ಟೇ ಹೊತ್ತಿರುತ್ತವೆ ಎಂದೂ, ಆ ಸಂಖ್ಯೆಯನ್ನು ನಕಲು ಮಾಡಿದವನು ಬೇರೊಬ್ಬರ ಲೆಕ್ಕದಲ್ಲಿ ಚಾರ್ಜು ಮಾಡಿಕೊಳ್ಳಬಹುದೆಂದೂ ಮಥಿಯಾಸ್ ಡಾಲ್‌ಹೈಮರ್ ಎಂಬ ಸಂಶೋಧಕರು 2017ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಬಹಿರಂಗವಾಗಿ ತೋರಿಸಿದರು. ಕರೆ ಮಾಡಿದ ಸಂಖ್ಯೆಯನ್ನಷ್ಟೇ ನೋಡಿ ಮೋಟಾರು ಬಿಡುವ ಸ್ಟಾರ್ಟರಿಗೂ ಇದಕ್ಕೂ ತತ್ತ್ವದಲ್ಲಿ ಏನೂ ಭೇದವಿಲ್ಲ.

ಇದೆಲ್ಲ ಪ್ರಯೋಗಶಾಲೆಯ ಆಟವೇ, ನಿಜವಾಗಿ ಎಲ್ಲಾದರೂ ನಡೆದಿದೆಯೇ ಎಂದು ವಿದ್ಯಾರ್ಥಿಗಳು ಕೇಳುವುದು ನ್ಯಾಯ. ನಡೆದಿದೆ. 2022ರ ಫೆಬ್ರವರಿಯ ಕೊನೆಯಲ್ಲಿ, ಯುಕ್ರೇನಿನ ಮೇಲೆ ಯುದ್ಧ ಆರಂಭವಾದ ಬೆನ್ನಿಗೇ, ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗುವ ಎಂ-11 ಹೆದ್ದಾರಿಯ ಚಾರ್ಜರುಗಳು ಸ್ತಬ್ಧವಾದವು. ಪರದೆಗಳ ಮೇಲೆ ರಷ್ಯಾದ ಅಧ್ಯಕ್ಷರನ್ನು ಹಳಿಯುವ ಬರೆಹ ಹರಿದಾಡಿತು. ಆ ಪೆಟ್ಟಿಗೆಗಳ ನಿಯಂತ್ರಕ ಭಾಗವನ್ನು ಯುಕ್ರೇನಿನ ಕಂಪನಿಯೊಂದು ತಯಾರಿಸಿತ್ತೆಂದೂ, ಅದರಲ್ಲಿ ಹೊರಗಿನಿಂದ ಒಳನುಗ್ಗುವ ಗುಪ್ತದಾರಿಯನ್ನು ಉಳಿಸಿಕೊಳ್ಳಲಾಗಿತ್ತೆಂದೂ ಅಲ್ಲಿನ ವಿದ್ಯುತ್ ಸಂಸ್ಥೆ ರೋಸೆತಿ ಹೇಳಿಕೆ ನೀಡಿತು. ಆ ಯುದ್ಧದಲ್ಲಿ ನ್ಯಾಯ ಯಾರದೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಹಣ ಕೊಟ್ಟು ಕೊಂಡು, ತನ್ನ ನೆಲದಲ್ಲಿ ನೆಟ್ಟು, ತನ್ನ ಕರೆಂಟನ್ನೇ ಹರಿಸಿದ ಸಂಸ್ಥೆಯ ಕೈಯಲ್ಲೂ ಬೀಗದ ಕೈ ಪೂರ್ತಿಯಾಗಿ ಇರಲಿಲ್ಲ.

ಅದೇ ವರ್ಷದ ಏಪ್ರಿಲಿನಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಸ್ಥಳೀಯ ಆಡಳಿತದ ಮೂರು ವಾಹನ ನಿಲುಗಡೆಗಳ ಚಾರ್ಜರ್ ಪರದೆಗಳು ಅಶ್ಲೀಲ ಜಾಲತಾಣವನ್ನು ತೋರಿಸಿದವು. ಆಡಳಿತ ಕ್ಷಮೆ ಕೇಳಬೇಕಾಯಿತು. ಸಣ್ಣ ಸಂಗತಿಯೆಂದು ನಗಬಹುದು. ಶಾಲೆಯ ಗೇಟಿನೆದುರು ನಿಂತ ಪರದೆಯಲ್ಲಿ ಹಾಗಾದರೆ ನಗು ಬರುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಿಟ್ಜರ್ಲೆಂಡಿನ ಆರ್ಮಾಸ್ವೀಸ್ ಸಂಸ್ಥೆಯೊಡನೆ ಸೇರಿ 2022ರಲ್ಲಿ ಇನ್ನೊಂದು ದೌರ್ಬಲ್ಯವನ್ನು ಪ್ರಕಟಿಸಿದರು. ಕಾರುಗಳನ್ನು ವೇಗವಾಗಿ ಚಾರ್ಜು ಮಾಡುವ ಸಿಸಿಎಸ್ ಮಾದರಿಯಲ್ಲಿ ಕಾರು ಮತ್ತು ಪೆಟ್ಟಿಗೆ ಕೇಬಲ್ಲಿನ ಮೂಲಕ ಮಾತನಾಡಿಕೊಳ್ಳುತ್ತವೆ. ಒಂದು ವ್ಯಾಟಿಗಿಂತಲೂ ಕಡಿಮೆ ಶಕ್ತಿಯ ರೇಡಿಯೋ ಅಲೆಯಿಂದ 47 ಮೀಟರ್ ದೂರದಲ್ಲಿ ನಿಂತು ಆ ಮಾತನ್ನು ಕೆಡಿಸಿ ಚಾರ್ಜಿಂಗ್ ನಿಲ್ಲಿಸಬಹುದೆಂದು ಅವರು ತೋರಿಸಿದರು. ಮನೆಯ ಸಾಕೆಟ್ಟಿನ ನಿಧಾನ ಚಾರ್ಜಿಂಗಿಗೆ ಈ ಬಾಧೆ ಇಲ್ಲ. 2024ರ ಜನವರಿಯಲ್ಲಿ ಟೋಕಿಯೋದಲ್ಲಿ ವಾಹನಗಳ ಸುರಕ್ಷತೆಯನ್ನು ಪರೀಕ್ಷಿಸುವ ಪ್ವನ್‌ಟುಓನ್ ಸ್ಪರ್ಧೆ ನಡೆದಾಗ ಹಲವು ತಯಾರಕರ ಚಾರ್ಜರುಗಳ ಬೀಗ ಸ್ಪರ್ಧಿಗಳ ಕೈಯಲ್ಲಿ ತೆರೆದುಕೊಂಡಿತು. ಅಲ್ಲಿ ಕಂಡ ದೋಷಗಳನ್ನು ತಯಾರಕರಿಗೆ ತಿಳಿಸಿ ಸರಿಪಡಿಸುವ ಪದ್ಧತಿಯಿದೆ. ಆ ಅರ್ಥದಲ್ಲಿ ಇಂಥ ಸ್ಪರ್ಧೆಗಳು ಒಳ್ಳೆಯವೇ.

ಭಾರತದಲ್ಲಿ? 2023ರ ಮಾರ್ಚಿನಲ್ಲಿ ಲೋಕಸಭೆಗೆ ನೀಡಿದ ಲಿಖಿತ ಉತ್ತರದಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು, ಚಾರ್ಜಿಂಗ್ ಕೇಂದ್ರಗಳಿಗೆ ಸಂಬಂಧಿಸಿದ ಉಪಕರಣ ಹಾಗೂ ಆ್ಯಪ್‌ಗಳಲ್ಲಿ ದೌರ್ಬಲ್ಯಗಳಿರುವ ವರದಿಗಳು ಸರ್ಟ್-ಇನ್ ಸಂಸ್ಥೆಗೆ ಬಂದಿವೆಯೆಂದು ಒಪ್ಪಿಕೊಂಡರು. ಸೈಬರ್ ಅವಘಡಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಅದು. ಎಲ್ಲ ಕ್ಷೇತ್ರಗಳೂ ಸೇರಿ 2022ರಲ್ಲಿ ಅದರ ಲೆಕ್ಕಕ್ಕೆ ಬಂದ ಘಟನೆಗಳು 13,91,457. ಇದರಲ್ಲಿ ಚಾರ್ಜರುಗಳ ಪಾಲು ಎಷ್ಟೆಂದು ಆ ಅಂಕಿ ಹೇಳುವುದಿಲ್ಲವಾದ್ದರಿಂದ ಅದನ್ನು ಎತ್ತಿ ತೋರಿಸಿ ಯಾರನ್ನೂ ಹೆದರಿಸಬೇಕಾಗಿಲ್ಲ.

ಹಳ್ಳಿಯ ಮಟ್ಟದಲ್ಲಿ ಎಲ್ಲಕ್ಕಿಂತ ಮೊದಲು ಬರುವ ಅಪಾಯ ಇಷ್ಟು ಜಾಣತನದ್ದೇನೂ ಅಲ್ಲ. ಅದು ಒಂದು ಕಾಗದದ ಚೂರು. ಚಾರ್ಜರಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡಿನ ಮೇಲೆ ಇನ್ನೊಂದು ಕೋಡು ಅಂಟಿಸಿದರಾಯಿತು. ಬಂದ ಹಣ ಬೇರೆ ಖಾತೆಗೆ ಹೋಗುತ್ತದೆ, ಇಲ್ಲವೇ ನಕಲಿ ಜಾಲತಾಣ ತೆರೆದು ಬ್ಯಾಂಕಿನ ವಿವರ ಕೇಳುತ್ತದೆ. ಯೂರೋಪಿನ ಹಲವು ದೇಶಗಳ ಚಾರ್ಜಿಂಗ್ ಕೇಂದ್ರಗಳಲ್ಲಿ 2024ರಲ್ಲಿ ಇದೇ ನಡೆಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಧ್ಯಪ್ರದೇಶದ ಖಜುರಾಹೊದಲ್ಲಿ 2025ರ ಜನವರಿಯಲ್ಲಿ ಒಂದು ರಾತ್ರಿ ಕೆಲವು ಅಂಗಡಿಗಳ ಮತ್ತು ಪೆಟ್ರೋಲ್ ಬಂಕೊಂದರ ಕ್ಯೂಆರ್ ಕೋಡುಗಳನ್ನು ಕಳ್ಳರು ಬದಲಿಸಿಬಿಟ್ಟಿದ್ದರು. ಅಂಗಡಿಯಲ್ಲಿ ಮಾಲೀಕ ಕುಳಿತಿರುತ್ತಾನೆ, ಹಣ ಬಂತೆಂದು ಕೂಗುವ ಪೆಟ್ಟಿಗೆ ಇರುತ್ತದೆ. ಮೋಸ ಬೇಗ ಬಯಲಾಗುತ್ತದೆ. ಚಾರ್ಜಿಂಗ್ ಕಂಬದ ಬಳಿ ಯಾರೂ ಇರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಬರಿದಾಗಿ ಬಂದ ಪ್ರಯಾಣಿಕ ಆತುರದಲ್ಲಿರುತ್ತಾನೆ. ಹಣ ಹೋಯಿತು, ಕರೆಂಟು ಬರಲಿಲ್ಲ ಎಂದರೆ ಯಂತ್ರ ಕೆಟ್ಟಿದೆ ಎಂದೇ ಭಾವಿಸುತ್ತಾನೆ, ಇನ್ನೊಮ್ಮೆ ಹಣ ಹಾಕುತ್ತಾನೆ.

ಇದರ ಇನ್ನೊಂದು ಮುಖ ನಕಲಿ ಏಜೆನ್ಸಿ. ಸೌರ ಪಂಪ್‌ಸೆಟ್ಟಿನ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂದಾಗ, ನೋಂದಣಿ ಶುಲ್ಕ ಕಟ್ಟಿಸಿಕೊಳ್ಳುವ ನಕಲಿ ಜಾಲತಾಣಗಳೂ ಹಿಂದೆಯೇ ಹುಟ್ಟಿಕೊಂಡವು. ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಕೆ ಹೊರಡಿಸಬೇಕಾಯಿತು. 2022ರ ನವೆಂಬರಿನಲ್ಲಿ ದೆಹಲಿ ಪೊಲೀಸರು ಬೆಂಗಳೂರು, ಗುರುಗ್ರಾಮ, ಪಟ್ನಾಗಳಿಂದ 20 ಮಂದಿಯನ್ನು ಬಂಧಿಸಿದರು. ಹೆಸರಾಂತ ವಿದ್ಯುತ್ ಸ್ಕೂಟರಿನ ನಕಲಿ ಜಾಲತಾಣ ನಡೆಸಿ ಸಾವಿರಕ್ಕೂ ಹೆಚ್ಚು ಜನರಿಂದ ಮುಂಗಡ ವಸೂಲು ಮಾಡಿದ ಆರೋಪ ಅವರ ಮೇಲಿತ್ತು. ರಸ್ತೆಬದಿಯ ಹತ್ತು ಗುಂಟೆ ಇರುವ ರೈತನಿಗೆ ನಾಳೆ 'ನಿಮ್ಮ ಜಾಗದಲ್ಲಿ ಚಾರ್ಜಿಂಗ್ ಕೇಂದ್ರ ಹಾಕುತ್ತೇವೆ, ಠೇವಣಿ ಕಟ್ಟಿ' ಎಂಬ ಕರೆ ಬಂದರೆ ಅದನ್ನೂ ಇದೇ ಪಂಕ್ತಿಯಲ್ಲಿ ಕೂರಿಸಿ ನೋಡಬೇಕು.

ಇನ್ನು ಕರೆಂಟಿನ ಲೆಕ್ಕ. ಐದು ಅಶ್ವಶಕ್ತಿಯ ಪಂಪ್‌ಸೆಟ್ ಸುಮಾರು 3.7 ಕಿಲೋವ್ಯಾಟ್. 60 ಕಿಲೋವ್ಯಾಟಿನ ಒಂದೇ ವೇಗದ ಚಾರ್ಜರ್ ಅಂಥ ಹದಿನಾರು ಪಂಪ್‌ಸೆಟ್ಟುಗಳಿಗೆ ಸಮ, 63 ಕೆ.ವಿ.ಎ. ಟಿ.ಸಿ.ಯೊಂದನ್ನು ಅದೊಂದೇ ನುಂಗಿಬಿಡುತ್ತದೆ. ಇಂಥ ಪೆಟ್ಟಿಗೆಗಳನ್ನು ದೂರದಿಂದ ಒಬ್ಬನೇ ಒಮ್ಮೆಗೇ ಹಚ್ಚಿ ಆರಿಸಬಲ್ಲನಾದರೆ ಆಟೋ ಸ್ಟಾರ್ಟರಿನ ಕಥೆಯೇ ದೊಡ್ಡದಾಗಿ ಮರುಕಳಿಸುತ್ತದೆ. ಹೆಚ್ಚು ವಿದ್ಯುತ್ ಎಳೆಯುವ ಗೃಹೋಪಕರಣಗಳನ್ನು ವಶಪಡಿಸಿಕೊಂಡು ಗ್ರಿಡ್ಡನ್ನೇ ಅಲುಗಾಡಿಸುವ ಸಾಧ್ಯತೆಯನ್ನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಗ್ರಿಡ್ ಅಲುಗುವುದೆಂದರೆ ಏನು? ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ತಾಳದಲ್ಲಿ ನಡೆಯಬೇಕು. ಬಳಕೆ ಥಟ್ಟನೆ ಹೆಚ್ಚಿದರೆ ತಾಳ ಇಳಿಯುತ್ತದೆ, ಥಟ್ಟನೆ ತಗ್ಗಿದರೆ ಏರುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ, ಎರಡನೆಯ ದಿನ ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣಕ್ಕೆ ಬಿಸಿ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ತಾಳ ಆಗ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದೊಡನೆ ಕೂಡಿಕೊಂಡಿತು. ಅಂದಿನಿಂದ ಲಾಭವೂ ಒಂದೇ, ಜೋಖಮೂ ಒಂದೇ. ತಾಳ ತಪ್ಪಿದಾಗ ತಕ್ಷಣ ಓಗೊಡುವ ಸಾಮರ್ಥ್ಯ ಜಲವಿದ್ಯುತ್ತಿನದು. ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ. ಅಂಥ ಒಂದು ಘಟಕದ ಪೂರ್ಣ ಉತ್ಪಾದನೆಯನ್ನು ನುಂಗಲು 60 ಕಿಲೋವ್ಯಾಟಿನ 1,725 ಚಾರ್ಜರುಗಳು ಸಾಕು.

ಆದರೆ ಮಾತು ಮಿತಿ ಮೀರಬಾರದು. ಕರ್ನಾಟಕದ ಗರಿಷ್ಠ ಬೇಡಿಕೆ 2025ರ ಮಾರ್ಚಿನಲ್ಲಿ 18 ಸಾವಿರ ಮೆಗಾವ್ಯಾಟ್ ದಾಟಿತು. ಅದರ ಎದುರು ಇಂದಿನ ಚಾರ್ಜರುಗಳು ಅಳಿಲಿನ ಪಾಲು. ಅವುಗಳಲ್ಲೂ ಹಲವು ಮೂರ್ನಾಲ್ಕು ಕಿಲೋವ್ಯಾಟಿನ ಚಿಕ್ಕವು. ಹ್ಯಾಕರ್ ಒಬ್ಬ ಗುಂಡಿ ಒತ್ತಿ ರಾಜ್ಯವನ್ನು ಕತ್ತಲೆಗೆ ತಳ್ಳುವ ಚಿತ್ರ ಸದ್ಯಕ್ಕೆ ಸಿನಿಮಾದಲ್ಲಿರಲಿ. ರಾಜ್ಯದ ಗ್ರಿಡ್ಡಿಗೆ ಇನ್ನೂ ಕಾಲವಿದೆ, ಆದರೆ ಊರಿನ ಟಿ.ಸಿ.ಗೆ ಅಪಾಯ ಮೊದಲ ದಿನದಿಂದಲೇ ಇದೆ. ಇದಕ್ಕೆ ಇಂಗ್ಲೆಂಡು ಕಂಡುಕೊಂಡ ಉಪಾಯ ಬಹಳ ಸರಳ. ಅಲ್ಲಿ 2022ರಿಂದ ಜಾರಿಗೆ ಬಂದ ನಿಯಮದಂತೆ ಮನೆ ಹಾಗೂ ಕಚೇರಿಗಳ ಚಾರ್ಜರುಗಳು ಸರದಿಯ ಹೊತ್ತು ಬಂದೊಡನೆ ಎದ್ದು ಓಡಬಾರದು. ಪ್ರತಿಯೊಂದೂ ಹತ್ತು ನಿಮಿಷದೊಳಗೆ ಮನಸ್ಸಿಗೆ ಬಂದಷ್ಟು ತಡ ಮಾಡಿ ಹೊರಡಬೇಕು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದಕ್ಕೂ ಆ ನಿಯಮ ತಡೆ ಹಾಕಿತು. ಆಟೋ ಸ್ಟಾರ್ಟರುಗಳಲ್ಲೂ ಒಂದೊಂದಕ್ಕೆ ಒಂದೊಂದು ಬಗೆಯ ತಡವನ್ನು ಅಳವಡಿಸಿದ ತೋಟಗಳಲ್ಲಿ ಟಿ.ಸಿ. ಉಳಿದುಕೊಳ್ಳುತ್ತದೆ ಎಂಬುದನ್ನು ಲೈನ್‌ಮನ್‌ಗಳು ಎಂದಿನಿಂದಲೋ ಹೇಳುತ್ತ ಬಂದಿದ್ದಾರೆ.

ಪರಿಸರದ ಚಳವಳಿಗೆ ಈ ವಿಷಯ ಏಕೆ ಬೇಕು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಮಧ್ಯಾಹ್ನ ಸೌರ ವಿದ್ಯುತ್ತು ಧಾರಾಳವಾಗಿರುತ್ತದೆ, ಸಂಜೆ ಬೇಡಿಕೆ ಏರುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಈ ಸಂಜೆಯ ಕೊರತೆಯನ್ನು ತುಂಬುವುದಕ್ಕೆಂದೇ ಶರಾವತಿ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಸ್ತಾಪಿಸಲಾಗಿದೆ. ವಾಹನಗಳನ್ನು ಸಂಜೆಯ ಬದಲು ಮಧ್ಯಾಹ್ನ ಚಾರ್ಜು ಮಾಡಿಸಿದರೆ ಸಂಜೆಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗಿಗೆ ಕಡಿಮೆ ದರ ಇರಬೇಕೆಂದು 2024ರ ಮಾರ್ಗಸೂಚಿ ಹೇಳಿದ್ದು ಇದೇ ಲೆಕ್ಕದಿಂದ. ಆದರೆ ಲಕ್ಷಾಂತರ ವಾಹನಗಳ ಚಾರ್ಜಿಂಗನ್ನು ಹೊತ್ತಿಗೆ ತಕ್ಕಂತೆ ಹೊಂದಿಸಬೇಕಾದರೆ ದೂರನಿಯಂತ್ರಣ ಬೇಕು. ಆ ದೂರನಿಯಂತ್ರಣವೇ ಕಳ್ಳನಿಗೆ ಸಿಗುವ ಹಾಗಿದ್ದರೆ ಯಾವ ವಿದ್ಯುತ್ ಇಲಾಖೆಯೂ ಅದನ್ನು ನಂಬಿ ಕೂರುವುದಿಲ್ಲ. ಕಣಿವೆ ಕೊರೆಯುವುದೇ ಸುರಕ್ಷಿತವೆಂದು ವಾದಿಸುತ್ತದೆ. ಚಾರ್ಜರಿನ ಬೀಗ ಗಟ್ಟಿಯಿರಬೇಕೆಂಬ ಬೇಡಿಕೆ ಹೀಗೆ ಕಾಡಿನ ಪರವಾದ ಬೇಡಿಕೆಯೂ ಹೌದು.

ಮಲೆನಾಡಿಗೇ ಮೀಸಲಾದ ತೊಡಕೊಂದಿದೆ. ಆಷಾಢದ ಮಳೆಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ. ಎರಡು ಮೂರು ದಿನ ಕರೆಂಟಿಲ್ಲದೆ ಮೊಬೈಲ್ ಗೋಪುರವೂ ಮಲಗುತ್ತದೆ. ಕರೆಂಟು ಮರಳಿ ಬಂದರೂ ಸಿಗ್ನಲ್ ಬರಲು ತಡವಾಗಬಹುದು. ಸರ್ವರಿನ ಸಂಪರ್ಕ ಕಳೆದುಕೊಂಡ ಚಾರ್ಜರ್ ಆಗ ಏನು ಮಾಡಬೇಕು? ಓಸಿಪಿಪಿ ಇದಕ್ಕೊಂದು ಆಯ್ಕೆಯನ್ನು ಇಟ್ಟಿದೆ. ಅಪರಿಚಿತ ಗ್ರಾಹಕನಿಗೂ ಕರೆಂಟು ಬಿಡು ಎಂದು ಅಳವಡಿಸಬಹುದು, ಬಿಡಬೇಡ ಎಂದೂ ಅಳವಡಿಸಬಹುದು. ಬಿಡು ಎಂದರೆ ಯಾವ ಕಾರ್ಡು ತೋರಿಸಿದರೂ ಕರೆಂಟು. ಸಿಗ್ನಲ್ ಹೋದ ಹೊತ್ತು ಕಳ್ಳನಿಗೆ ಹಬ್ಬ. ಬಿಡಬೇಡ ಎಂದರೆ ಆಸ್ಪತ್ರೆಗೆ ಹೊರಟ ಆಟೋ ಕೂಡ ಮಳೆಯಲ್ಲಿ ನಿಲ್ಲುತ್ತದೆ. ನಗರದಲ್ಲಿ ಇದು ವರ್ಷಕ್ಕೊಮ್ಮೆ ಬರುವ ಪ್ರಶ್ನೆ, ಇಲ್ಲಿ ಮಳೆಗಾಲದ ಉದ್ದಕ್ಕೂ ಬರುವ ಪ್ರಶ್ನೆ. ಆ ಆಯ್ಕೆಯನ್ನು ಮಾಡುವವನು ಮಲೆನಾಡಿನ ಮಳೆಯನ್ನೇ ನೋಡದ ತಂತ್ರಜ್ಞ. ಪರಿಚಿತ ಕಾರ್ಡುಗಳ ಪಟ್ಟಿಯೊಂದನ್ನು ಪೆಟ್ಟಿಗೆಯಲ್ಲೇ ಉಳಿಸಿಡುವ ಮಧ್ಯಮಾರ್ಗವೂ ಉಂಟು. ಊರಿನ ಆಟೋಗಳು, ಆಶಾ ಕಾರ್ಯಕರ್ತೆಯ ಸ್ಕೂಟರು, ಹಾಲಿನ ಗಾಡಿ ಇವುಗಳ ಕಾರ್ಡುಗಳು ಆ ಪಟ್ಟಿಯಲ್ಲಿದ್ದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಕೇಳಿದರೆ ಮಾಡಿಕೊಡುತ್ತಾರೆ, ಕೇಳಬಹುದೆಂದು ತಿಳಿದಿರಬೇಕು.

ಹೊಣೆ ಯಾರದು ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಕ್ಕೆ 2018ರಿಂದ ಪರವಾನಗಿ ಬೇಕಿಲ್ಲ. ಅಂಗಡಿಯವನೂ ಹಾಕಬಹುದು, ಸಹಕಾರ ಸಂಘವೂ ಹಾಕಬಹುದು. ಇದು ಸ್ವಾಗತಾರ್ಹ, ಹಳ್ಳಿಯವರ ಕೈಯಲ್ಲೇ ಉದ್ಯಮ ಉಳಿಯುವ ದಾರಿ. ಆದರೆ ಪರವಾನಗಿ ಇಲ್ಲದೆಡೆ ತಪಾಸಣೆಯೂ ತೆಳುವಾಗುತ್ತದೆ. ವಿದ್ಯುತ್ ಕ್ಷೇತ್ರದ ಸೈಬರ್ ಸುರಕ್ಷತೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೈಬರ್ ಅವಘಡ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದೆ. ಗ್ರಾಹಕರ ವೈಯಕ್ತಿಕ ವಿವರಗಳನ್ನು ಕಾಪಾಡುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಚಾರ್ಜಿಂಗ್ ದಾಖಲೆಯೆಂದರೆ ಯಾರ ವಾಹನ ಯಾವ ಹೊತ್ತಿನಲ್ಲಿ ಎಲ್ಲಿತ್ತು ಎಂಬುದರ ದಿನಚರಿ. ಮನೆ ಬೀಗ ಹಾಕಿ ಹೋದವರ ಪಟ್ಟಿಯೂ ಅದೇ ಎಂಬುದನ್ನು ನೆನಪಿಡಬೇಕು. ಕಾಗದದ ಮೇಲೆ ಕಾನೂನಿಗೆ ಕೊರತೆಯಿಲ್ಲ. ಸವಳಂಗದಲ್ಲಿ ಹಣ ಕಳೆದುಕೊಂಡವನಿಗೆ ಮಾತ್ರ ಪೆಟ್ಟಿಗೆ ಒಬ್ಬರದು, ಆ್ಯಪ್ ಇನ್ನೊಬ್ಬರದು, ಹಣ ಪಡೆದವರು ಮತ್ತೊಬ್ಬರು, ಕರೆಂಟು ಬೆಸ್ಕಾಂನದು, ಅವನ ಮನೆ ಮೆಸ್ಕಾಂ ಸೀಮೆಯಲ್ಲಿ.

ಹಣ ಹೋದಾಗ ಗಡಿಯ ಗೊಂದಲಕ್ಕೆ ಸಿಲುಕದೆ ಮೊದಲು 1930ಕ್ಕೆ ಕರೆ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ಸಂಖ್ಯೆ. ಮೊದಲ ಒಂದೆರಡು ಗಂಟೆಯಲ್ಲಿ ದೂರು ಹೋದರೆ ಹಣ ಕೈದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಆಮೇಲೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ.

ಆದರೆ ಊರಿನ ನಿಜವಾದ ಬಲ ಇರುವುದು ಕಂಬ ನೆಡುವ ಮುನ್ನ. ಪಂಚಾಯಿತಿಯ ಜಾಗ, ಸಹಕಾರ ಸಂಘದ ಅಂಗಳ, ದೇವಸ್ಥಾನದ ಮುಂದಿನ ಬಯಲು ಯಾವುದನ್ನೇ ಕೊಡುವಾಗಲೂ ಕರಾರಿನಲ್ಲಿ ಬಾಡಿಗೆ, ಅಳತೆ, ಅವಧಿ ಇವನ್ನು ಬರೆಯುವುದು ವಾಡಿಕೆ. ಅದರೊಡನೆ ಬೀಗದ ಕೈಯ ವಿಷಯವನ್ನೂ ಬರೆಸಬೇಕು. ಪೆಟ್ಟಿಗೆ ಸರ್ವರಿನೊಡನೆ ಗೂಢಲಿಪಿಯಲ್ಲೇ ಮಾತನಾಡುತ್ತದೆ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸಲಾಗಿದೆ ಎಂದು ಕಂಪನಿ ಬರೆದು ಕೊಡಬೇಕು. ದೋಷ ಕಂಡಾಗ ತಂತ್ರಾಂಶವನ್ನು ಎಷ್ಟು ವರ್ಷ ನವೀಕರಿಸುತ್ತಾರೆ ಎಂಬುದು ಕರಾರಿನಲ್ಲಿರಬೇಕು. ಕಂಪನಿ ಮುಚ್ಚಿದರೆ ಪೆಟ್ಟಿಗೆಯ ನಿಯಂತ್ರಣ ಯಾರಿಗೆ ಬರುತ್ತದೆ ಎಂಬುದೂ. ಈ ಕೊನೆಯ ಅಂಶವನ್ನು ಯಾರೂ ಕೇಳುವುದಿಲ್ಲ. ಕೊಳವೆಬಾವಿಗಳಿಗೆ ಹಾಕಿದ ಎಷ್ಟೋ ಉಪಕರಣಗಳು ಮಾರಿದವರು ಮಾಯವಾದ ಮೇಲೆ ತುಕ್ಕು ಹಿಡಿದು ಕುಳಿತಿರುವುದನ್ನು ಕಂಡವರಾದರೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರ್ವರಿನ ಹಂಗಿಲ್ಲದೆ ಕೈಯಿಂದ ಕರೆಂಟು ಕಡಿಯುವ ಸ್ವಿಚ್ಚು ಪೆಟ್ಟಿಗೆಯ ಹೊರಗೆ ಇರಬೇಕು. ಅದರ ಕೀಲಿ ಊರಿನ ಒಬ್ಬರ ಬಳಿ ಇರಬೇಕು, ಅವರ ಹೆಸರು ಪಂಚಾಯಿತಿಯ ಹಲಗೆಯ ಮೇಲೆ ಇರಬೇಕು.

ಕ್ಯೂಆರ್ ಕೋಡನ್ನು ಕಾಗದದಲ್ಲಿ ಅಂಟಿಸಲು ಬಿಡಬಾರದು. ಪರದೆಯ ಒಳಗೇ ಮೂಡಬೇಕು, ಇಲ್ಲವೇ ತಗಡಿನ ಮೇಲೆ ಕೊರೆದಿರಬೇಕು. ಹಣ ಪಡೆಯುವವರ ಹೆಸರನ್ನು ಪಕ್ಕದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು. ಫೋನಿನಲ್ಲಿ ಕಾಣುವ ಹೆಸರು ಆ ಹೆಸರಿಗೆ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಶಾಲೆಗೆ ಹೋಗುವ ದಾರಿಯಲ್ಲಿ ವಿದ್ಯಾರ್ಥಿಗಳು ಉಗುರಿನಿಂದ ಕೋಡಿನ ಅಂಚನ್ನು ಕೆರೆದು ನೋಡುವುದು ದಿನಕ್ಕೆ ಅರ್ಧ ನಿಮಿಷದ ಕೆಲಸ. ಅಂಚು ಎದ್ದು ಬಂದರೆ ಅದನ್ನು ಕೀಳುವ ಮೊದಲು ಒಂದು ಫೋಟೋ ತೆಗೆದು, ಹಲಗೆಯ ಮೇಲಿನ ಹೆಸರಿನವರಿಗೆ ಮುಟ್ಟಿಸಿ, ಮುಂದಿನ ವಾಹನ ಬರುವಷ್ಟರಲ್ಲಿ ಸ್ವಿಚ್ಚು ಆರಿಸಿಸಬೇಕು.